ಹಲ್ಲು ತೋರಿಸದ ಎತ್ತು

ಅಮೆರಿಕದ ಕಾನೂನು ಶಾಲೆಗಳು ಹೊರದೇಶದ ವಕೀಲರಿಗೆ ಎಲ್‌ಎಲ್.ಎಂ. ಪದವಿಯನ್ನು ಮಾರುತ್ತಿವೆ. ‘ಮಾರುತ್ತಿವೆ’ ಎಂದು ಬೇಕೆಂದೇ ಬರೆದಿದ್ದೇನೆ. ಮಾರುವುದರಲ್ಲಿ ತಪ್ಪೇನಿಲ್ಲ ಬಿಡಿ. ಸಂತೆಯಲ್ಲಿ ಎತ್ತು ಮಾರುವವನೂ ಕೊಳ್ಳುವವನ ಮುಂದೆ ಅದರ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾನೆ. ಈ ಶಾಲೆಗಳು ಹಲ್ಲು ತೋರಿಸುವುದಿಲ್ಲ. ನನ್ನ ತಕರಾರು ಅಷ್ಟೇ.

ವಿಷಯ ಹೊಸದಾಗಿರುವವರಿಗಾಗಿ ಎರಡು ಮಾತು. ಅಮೆರಿಕದಲ್ಲಿ ವಕೀಲರಾಗಬೇಕೆನ್ನುವವರು ಯಾವುದಾದರೂ ಪದವಿ ಮುಗಿಸಿ ಆಮೇಲೆ ಮೂರು ವರ್ಷ ಜೆ.ಡಿ. ಓದುತ್ತಾರೆ. ಅಲ್ಲಿಗೆ ಅವರ ಓದು ಮುಗಿಯಿತು. ನಮ್ಮಲ್ಲಿ ಎಲ್‌ಎಲ್.ಬಿ. ಆದ ಮೇಲೆ ಎಲ್‌ಎಲ್.ಎಂ. ಬರುವುದರಿಂದ ಅಲ್ಲಿಯೂ ಅದು ಮೇಲಿನ ಮೆಟ್ಟಿಲು ಎಂದುಕೊಳ್ಳುತ್ತೇವೆ. ತೆರಿಗೆ ಕಾನೂನಿನಂಥ ಕೆಲವು ವಿಷಯ ಬಿಟ್ಟರೆ ಅಲ್ಲಿನವರು ಅದರ ತಂಟೆಗೆ ಹೋಗುವುದು ಕಡಿಮೆ. ಎಲ್‌ಎಲ್.ಎಂ. ತರಗತಿಯಲ್ಲಿ ಕೂತಿರುವವರು ಬಹುಪಾಲು ಚೀನಾ, ಬ್ರೆಜಿಲ್, ಜಪಾನ್, ಭಾರತಗಳಿಂದ ಬಂದವರು. ಎರಡು ಸೆಮಿಸ್ಟರ್, ಹೆಚ್ಚೆಂದರೆ ಹತ್ತು ತಿಂಗಳು. ಹೆಸರಾಂತ ಶಾಲೆಗಳಲ್ಲಿ ಬೋಧನಾ ಶುಲ್ಕವೇ 70,000 ಡಾಲರ್ ದಾಟಿದೆ. ಡಾಲರಿಗೆ 85 ರೂಪಾಯಿ ಹಿಡಿದರೂ ಸುಮಾರು 60 ಲಕ್ಷ. ಮನೆ ಬಾಡಿಗೆ, ಊಟ, ಆರೋಗ್ಯ ವಿಮೆ ಬೇರೆ.

ಇಷ್ಟು ದುಡ್ಡಿನ ಪದವಿಗೆ ಮಾನ್ಯತೆ ಯಾರದು? ಕಾನೂನು ಶಾಲೆಗಳ ಗುಣಮಟ್ಟ ನೋಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಕೊಡುವುದು ಜೆ.ಡಿ.ಗೆ ಮಾತ್ರ. ಎಲ್‌ಎಲ್.ಎಂ. ವಿಷಯದಲ್ಲಿ ಅದು ಕೇಳುವುದು ಒಂದೇ ಪ್ರಶ್ನೆ: ಇದರಿಂದ ನಿಮ್ಮ ಜೆ.ಡಿ.ಗೆ ತೊಂದರೆಯಿಲ್ಲ ತಾನೆ? ಇಲ್ಲವೆಂದಾದರೆ ನಡೆಸಿಕೊಳ್ಳಿ ಎನ್ನುತ್ತದೆ. ಪಾಠ ಹೇಗಿದೆ, ಓದಿದವರು ಏನಾದರು ಎಂದು ವಿಚಾರಿಸುವ ಹೊಣೆ ಅದರದ್ದಲ್ಲ.

ಜೆ.ಡಿ. ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಇದೇ ಶಾಲೆಗಳು ಲೆಕ್ಕಪುಸ್ತಕ ಬಿಚ್ಚಿಡಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಬಾರ್ ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾದರು, ಪದವಿಯಾಗಿ ಹತ್ತು ತಿಂಗಳಿಗೆ ಎಷ್ಟು ಮಂದಿಗೆ ಎಂಥ ಕೆಲಸ ಸಿಕ್ಕಿತು, ಎಲ್ಲವನ್ನೂ ಪ್ರತಿ ವರ್ಷ ಪ್ರಕಟಿಸಬೇಕು. ಈ ಶಿಸ್ತು ತಾನಾಗಿ ಬಂದದ್ದೂ ಅಲ್ಲ. 2011-12ರ ಸುಮಾರಿಗೆ ಸಾಲದಲ್ಲಿ ಮುಳುಗಿದ ಪದವೀಧರರು, ಉದ್ಯೋಗದ ಅಂಕಿಅಂಶಗಳನ್ನು ಉಬ್ಬಿಸಿ ತೋರಿಸಿ ನಮ್ಮನ್ನು ಸೇರಿಸಿಕೊಂಡಿರಿ ಎಂದು ತಾವು ಓದಿದ ಶಾಲೆಗಳ ಮೇಲೇ ಮೊಕದ್ದಮೆ ಹೂಡಿದರು. ನ್ಯೂಯಾರ್ಕಿನ ನ್ಯಾಯಾಲಯ ಅಂಥದ್ದೊಂದು ದಾವೆಯನ್ನು ವಜಾ ಮಾಡಿತು. ಇವರು ಪದವಿ ಓದಿದ ತಿಳಿವಳಿಕಸ್ಥರು, ಸ್ವಲ್ಪ ವಿಚಾರಿಸಿ ಸೇರಬಹುದಿತ್ತು ಎಂಬುದು ಆ ತೀರ್ಪಿನ ಧಾಟಿ. ಕೋರ್ಟಿನಲ್ಲಿ ಸೋತರೂ ಗಲಾಟೆ ಗೆದ್ದಿತು. ಬಾರ್ ಅಸೋಸಿಯೇಷನ್ ತನ್ನ ನಿಯಮ ಬಿಗಿ ಮಾಡಿತು. ಆ ಬಿಗಿ ಜೆ.ಡಿ.ಗೇ ನಿಂತಿತು. ಸಾಗರ ದಾಟಿ ಬರುವ ವಿದ್ಯಾರ್ಥಿ ಅದರ ಲೆಕ್ಕಕ್ಕೆ ಬರಲಿಲ್ಲ.

ಅದೇ ವರ್ಷಗಳಲ್ಲಿ ಇನ್ನೊಂದು ನಡೆಯಿತು. 2010ರ ನಂತರ ಜೆ.ಡಿ. ಸೇರುವವರ ಸಂಖ್ಯೆ ಕುಸಿಯಿತು, ಶಾಲೆಗಳ ಬೊಕ್ಕಸ ತಳ ಕಂಡಿತು. ಹಲವು ಶಾಲೆಗಳು ಹೊಸ ಎಲ್‌ಎಲ್.ಎಂ.ಗಳನ್ನು ತೆರೆದವು, ಇದ್ದವನ್ನು ಹಿಗ್ಗಿಸಿದವು. ಶಾಲೆಯ ಕಡೆಯಿಂದ ನೋಡಿದರೆ ಇದಕ್ಕಿಂತ ಅನುಕೂಲದ ವಿದ್ಯಾರ್ಥಿ ಸಿಗಲಾರ. ಎಲ್‌ಎಸ್ಎಟಿ ಪ್ರವೇಶ ಪರೀಕ್ಷೆ ಬೇಕಿಲ್ಲ. ಅವನ ಅಂಕಗಳು ಶಾಲೆಯ ರ‍್ಯಾಂಕಿಂಗನ್ನು ಇಳಿಸುವುದಿಲ್ಲ, ಏಕೆಂದರೆ ರ‍್ಯಾಂಕಿಂಗ್ ನೋಡುವುದು ಜೆ.ಡಿ.ಯವರನ್ನು. ಇರುವ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ಕೂರಿಸಬಹುದು. ವರ್ಷ ತುಂಬುವ ಮೊದಲೇ ಹೊರಟುಹೋಗುತ್ತಾನೆ, ಮುಂದೇನಾದ ಎಂದು ಯಾರೂ ಕೇಳುವುದಿಲ್ಲ.

ಮಾರಾಟದ ಮುಖ್ಯ ಆಕರ್ಷಣೆ ‘ನ್ಯೂಯಾರ್ಕ್ ಬಾರ್’. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊರದೇಶದಲ್ಲಿ ಕಾನೂನು ಓದಿದವರು ಅಲ್ಲಿನ ಬಾರ್ ಪರೀಕ್ಷೆಗೆ ಕೂರಬೇಕಾದರೆ ಆ ರಾಜ್ಯದ ಮೇಲ್ಮನವಿ ನ್ಯಾಯಾಲಯದ 520.6ನೇ ನಿಯಮ ಅನ್ವಯಿಸುತ್ತದೆ. ಅದು ಎರಡು ಪ್ರಶ್ನೆ ಕೇಳುತ್ತದೆ: ನೀವು ಓದಿದ ಅವಧಿ ಅಮೆರಿಕದ ಜೆ.ಡಿ.ಗೆ ಸಮವೇ? ನಿಮ್ಮ ದೇಶದ್ದು ಇಂಗ್ಲಿಷ್ ಮೂಲದ ಕಾಮನ್ ಲಾ ಪದ್ಧತಿಯೇ? ಇವೆರಡರಲ್ಲಿ ಒಂದು ಕೊರತೆಯಿದ್ದವರಿಗೆ ಅದನ್ನು ತುಂಬಿಕೊಳ್ಳುವ ದಾರಿ ಎಲ್‌ಎಲ್.ಎಂ. ಕನಿಷ್ಠ 24 ಕ್ರೆಡಿಟ್, ಅದರಲ್ಲಿ ವೃತ್ತಿ ನೀತಿ, ಕಾನೂನು ಬರವಣಿಗೆ, ಅಮೆರಿಕದ ಕಾನೂನು ವ್ಯವಸ್ಥೆ ಇವುಗಳಿಗೆ ಇಷ್ಟಿಷ್ಟು ಎಂದು ನಿಗದಿಯಾಗಿದೆ. ಜರ್ಮನಿಯ ಅಥವಾ ಜಪಾನಿನ ವಕೀಲರಿಗೆ ಇದು ನಿಜಕ್ಕೂ ಬೇಕಾದ ಸೇತುವೆ. ನಮ್ಮದು ಕಾಮನ್ ಲಾ ದೇಶ. ಮೂರು ಅಥವಾ ಐದು ವರ್ಷ ಕಾಲೇಜಿಗೆ ಹೋಗಿ ಓದಿದವರು ಎಲ್‌ಎಲ್.ಎಂ. ಇಲ್ಲದೆಯೇ ನೇರ ಅರ್ಜಿ ಹಾಕಿ ನೋಡುವ ಬಾಗಿಲು ಅದೇ ನಿಯಮದಲ್ಲಿದೆ. ಕ್ಯಾಲಿಫೋರ್ನಿಯಾ ಇನ್ನೂ ಸರಳ: ತನ್ನ ದೇಶದಲ್ಲಿ ಸನ್ನದು ಪಡೆದ ವಕೀಲ ಮತ್ತೆ ಏನೂ ಓದದೆ ಅಲ್ಲಿನ ಪರೀಕ್ಷೆಗೆ ಕೂರಬಹುದು. ಬಣ್ಣದ ಪುಸ್ತಿಕೆಗಳು ಇದನ್ನು ಏಕೆ ದಪ್ಪ ಅಕ್ಷರದಲ್ಲಿ ಹಾಕಬಾರದು?

ಪರೀಕ್ಷೆಗೆ ಕೂರುವುದು ಬೇರೆ, ಪಾಸಾಗುವುದು ಬೇರೆ. ನ್ಯೂಯಾರ್ಕಿನಲ್ಲಿ ಹೊರದೇಶದಲ್ಲಿ ಓದಿದವರ ತೇರ್ಗಡೆ ಪ್ರಮಾಣ ಅಮೆರಿಕದ ಶಾಲೆಯಿಂದ ಬಂದವರದ್ದಕ್ಕಿಂತ ವರ್ಷ ವರ್ಷವೂ ಬಹಳ ಕೆಳಗಿದೆ. ಪರೀಕ್ಷಾ ಮಂಡಳಿ ಒಟ್ಟು ಅಂಕಿಯನ್ನು ಹೇಳುತ್ತದೆ. ಅವರಲ್ಲಿ ನಿಮ್ಮ ಶಾಲೆಯ ಎಲ್‌ಎಲ್.ಎಂ.ನವರು ಎಷ್ಟು ಎಂಬುದನ್ನು ಶಾಲೆ ಹೇಳಬೇಕಿಲ್ಲ. ಪಾಸಾದರೂ ಕೆಲಸ? ದೊಡ್ಡ ಫರ್ಮುಗಳು ಹೊಸಬರನ್ನು ಆರಿಸಿಕೊಳ್ಳುವುದು ಹೆಚ್ಚಾಗಿ ಜೆ.ಡಿ. ಎರಡನೇ ವರ್ಷದ ಬೇಸಿಗೆಯಲ್ಲಿ ತಮ್ಮಲ್ಲಿ ದುಡಿದ ಹುಡುಗರನ್ನು. ಎಲ್‌ಎಲ್.ಎಂ.ನವರಿಗೆ ಅಂಥ ಬೇಸಿಗೆಯೇ ಇಲ್ಲ. ಅವರ ಬೇಸಿಗೆ ಬಾರ್ ಪರೀಕ್ಷೆಯ ಓದಿಗೆ ಹೋಗುತ್ತದೆ. ವೀಸಾ ಲೆಕ್ಕ ಹೇಳಿದರೆ ಎಂಜಿನಿಯರಿಂಗ್ ಓದಿದವರ ಮನೆಯವರಿಗೆ ಆಶ್ಚರ್ಯವಾಗುತ್ತದೆ. ಓದಿನ ನಂತರದ ಕೆಲಸಕ್ಕೆ ಸಿಗುವ ಒಪಿಟಿ ಅವಧಿ 12 ತಿಂಗಳು. ಎಂಜಿನಿಯರುಗಳಿಗೆ ಅದರ ಮೇಲೆ ಸಿಗುವ 24 ತಿಂಗಳ ವಿಸ್ತರಣೆ ಕಾನೂನು ಓದಿದವರಿಗಿಲ್ಲ. ಆಮೇಲೆ ವರ್ಷಕ್ಕೆ 85,000 ಎಚ್-1ಬಿ ವೀಸಾಗಳ ಲಾಟರಿ.

ನನಗೆ ಗೊತ್ತಿರುವ ಮಲೆನಾಡಿನ ಹುಡುಗಿಯೊಬ್ಬಳು ಅಪ್ಪನ ಅಡಿಕೆ ತೋಟ ಅಡವಿಟ್ಟು ಹೋದಳು. ಜಾಣೆ, ಓದಿದಳು, ಅಂಕವೂ ಬಂತು. ಹದಿನೆಂಟು ತಿಂಗಳಲ್ಲಿ ವಾಪಸು ಬಂದು ಮೊದಲಿದ್ದ ಸೀನಿಯರ್ ಹತ್ತಿರವೇ ಜೂನಿಯರ್ ಆದಳು. ‘ಸರ್ಟಿಫಿಕೇಟ್ ನೋಡ್ತೀರಾ ಸರ್’ ಎಂದು ಕೇಳಿದ್ದಕ್ಕೆ ಅವರು ‘ಇರ‍್ಲಿ ಬಿಡಮ್ಮ, ಆ ತಡೆಯಾಜ್ಞೆ ಅರ್ಜಿ ರೆಡಿ ಮಾಡು’ ಎಂದರಂತೆ. ಅವಳೇ ನಗುತ್ತಾ ಹೇಳಿದ್ದು ಇದು. ತೋಟದ ಕಂತು ಇನ್ನೂ ಹೋಗುತ್ತಿದೆ.

ಮಾಸ್ತರಿಕೆಗಾದರೂ ಆಗುತ್ತದಲ್ಲ ಎನ್ನುವವರಿಗೆ: ಭಾರತೀಯ ವಕೀಲರ ಪರಿಷತ್ತು 2021ರ ಆರಂಭದಲ್ಲಿ ಪ್ರಕಟಿಸಿದ ನಿಯಮಗಳು ಹೊರದೇಶದ ಒಂದು ವರ್ಷದ ಎಲ್‌ಎಲ್.ಎಂ. ನಮ್ಮದಕ್ಕೆ ಸಮವಲ್ಲ ಎಂದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಷತ್ತಿನ ಆ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೆ ವಿಮಾನ ಹತ್ತುವವರಿಗೆ ಅದು ಗೊತ್ತಿರಬೇಕು.

‘ಎಲ್ಲವನ್ನೂ ದುಡ್ಡಿನಲ್ಲಿ ಅಳೆಯುತ್ತೀರಾ? ವಿದ್ಯೆಗೆ ಬೆಲೆಯಿಲ್ಲವೇ?’ ಇದು ನನಗೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು. ಬೆಲೆಯಿದೆ, ಖಂಡಿತ ಇದೆ. ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ಸಭೆಯ ಸಲಹೆಗಾರರು, 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರೊಸೆಸ್’ ತತ್ವ ಚುನಾಯಿತ ಶಾಸನಸಭೆಯ ಮೇಲೆ ನ್ಯಾಯಾಧೀಶರನ್ನು ಕೂರಿಸುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ನಮ್ಮ 21ನೇ ವಿಧಿಯಲ್ಲಿ ಆ ಪದವನ್ನು ಬಿಟ್ಟು ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂದು ಬರೆಯುವುದರ ಹಿಂದೆ ಆ ಮಾತುಕತೆಯ ನೆರಳಿದೆ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಹೊರಗೆ ಬಿಟ್ಟಿದ್ದ ಅದೇ ತತ್ವ ಹಿತ್ತಲ ಬಾಗಿಲಿಂದ ಒಳಗೆ ಬಂತು. ಅಮೆರಿಕದ ಕಾನೂನನ್ನು ಓದದೆ ನಮ್ಮ ಸಂವಿಧಾನದ ಈ ಕಥೆ ಪೂರ್ತಿ ಅರ್ಥವಾಗುವುದಿಲ್ಲ. ಅದಕ್ಕಾಗಿ ಹೋಗುವವರು, ಫುಲ್‌ಬ್ರೈಟ್‌ನಂಥ ವೇತನ ಸಿಕ್ಕವರು, ಮನೆಯ ದುಡ್ಡು ಹೋದರೂ ಚಿಂತೆಯಿಲ್ಲದವರು ಸಂತೋಷವಾಗಿ ಹೋಗಲಿ. ಅಂಬೇಡ್ಕರರ ಹೆಸರು ತರುವವರಿಗೊಂದು ನೆನಪು: ಅವರು ಕೊಲಂಬಿಯಾದಲ್ಲಿ ಓದಿದ್ದು ಅರ್ಥಶಾಸ್ತ್ರ, ದುಡ್ಡು ಕೊಟ್ಟದ್ದು ಬರೋಡಾದ ಮಹಾರಾಜರು. ಕಾನೂನನ್ನು ಲಂಡನ್ನಿನಲ್ಲಿ ಓದಿದರು.

ವಿದ್ಯೆಯನ್ನು ವಿದ್ಯೆ ಎಂದು ಮಾರಿದರೆ ನನ್ನ ಜಗಳವಿಲ್ಲ. ‘ಜಾಗತಿಕ ವೃತ್ತಿ’ ಎಂದು ಮಾರಿದ ಮೇಲೆ ವೃತ್ತಿಯ ಲೆಕ್ಕ ಕೊಡಬೇಕು. ಅಮೆರಿಕದ ಬಾರ್ ಅಸೋಸಿಯೇಷನ್ ನಾಳೆಯೇ ನಿಯಮ ತಿದ್ದುತ್ತದೆಂಬ ಭ್ರಮೆ ನನಗಿಲ್ಲ. ಅಲ್ಲಿಯವರೆಗೆ ಅರ್ಜಿ ಹಾಕುವವರೇ ಪ್ರವೇಶ ಕಚೇರಿಗೆ ಒಂದು ಮಿಂಚಂಚೆ ಬರೆಯಲಿ: ಕಳೆದ ಮೂರು ವರ್ಷ ನಿಮ್ಮಲ್ಲಿ ಎಲ್‌ಎಲ್.ಎಂ. ಮಾಡಿದ ಭಾರತೀಯರು ಎಷ್ಟು ಮಂದಿ? ಬಾರ್ ಪರೀಕ್ಷೆಗೆ ಕೂತವರು, ಪಾಸಾದವರು ಎಷ್ಟು? ಹತ್ತು ತಿಂಗಳ ನಂತರ ಅಮೆರಿಕದಲ್ಲಿ ಸಂಬಳಕ್ಕೆ ವಕೀಲಿಕೆ ಮಾಡುತ್ತಿದ್ದವರು ಎಷ್ಟು? ಉತ್ತರದಲ್ಲಿ ಅಂಕಿಯ ಬದಲು ನಗುವ ಮುಖಗಳ ಫೋಟೊ ಬಂದರೆ, ಬ್ಯಾಂಕಿನಲ್ಲಿ ಅಪ್ಪ ಸಹಿ ಹಾಕುವ ಮುನ್ನ ಆ ಉತ್ತರವನ್ನು ಅವರಿಗೂ ಓದಿ ಹೇಳಿ, ಕನ್ನಡದಲ್ಲಿ.