ಆಟದೊಳಗಿನ ಪಾಠ

ಮಕ್ಕಳ ಕೈಯಲ್ಲಿರುವ ವೀಡಿಯೊ ಗೇಮನ್ನು ಹೆತ್ತವರು ಎಂದಾದರೂ ಗಮನಿಸಿದ್ದೀರಾ? ಅಲ್ಲಿ ವೀರನಾರು, ವೈರಿ ಯಾರು?

ಸಿರಿಯಾದ ದಮಾಸ್ಕಸ್‌ನಲ್ಲಿ ಕೆಲವರು ಈ ಬಗ್ಗೆ ಯೋಚಿಸಿದರು. ಪಾಶ್ಚಾತ್ಯ ದೇಶಗಳಿಂದ ಬರುತ್ತಿದ್ದ ಅನೇಕ ಗೇಮ್‌ಗಳಲ್ಲಿ ಅರಬನೆಂದರೆ ಗುಂಡಿಕ್ಕಬೇಕಾದ ವೈರಿ. ಅವುಗಳನ್ನು ಅರಬ್ ಮಕ್ಕಳೂ ಆಡುತ್ತಿದ್ದರು! ರದ್ವಾನ್ ಕಸ್ಮಿಯಾ ಮತ್ತು ಸಂಗಡಿಗರು ಸಿದ್ಧಪಡಿಸಿದ ‘ತಹ್ತರ್ರಮಾದ್’ ಅಂದರೆ ‘ಬೂದಿಯ ಕೆಳಗೆ’ ಎಂಬ ಗೇಮನ್ನು ‘ದಾರುಲ್ ಫಿಕ್ರ್’ ಪ್ರಕಾಶನವು 2001ರಲ್ಲಿ ಹೊರತಂದಿತು. ಫೆಲೆಸ್ತೀನಿನ ಮೊದಲ ಇಂತಿಫಾದಾ ಅದರ ವಸ್ತು. ಅಹ್ಮದ್ ಎಂಬ ಯುವಕ ನಾಯಕ. ಕಸ್ಮಿಯಾರ ‘ಅಫ್ಕಾರ್ ಮೀಡಿಯಾ’ ಸಂಸ್ಥೆ 2005ರಲ್ಲಿ ಎರಡನೆಯ ಇಂತಿಫಾದಾದ ಕುರಿತು ‘ತಹ್ತಲ್ ಹಿಸಾರ್’ ಅಂದರೆ ‘ಮುತ್ತಿಗೆಯಡಿ’ಯನ್ನು ತಂದಿತು. ಇಸ್ಲಾಮಿನ ಆರಂಭ ಕಾಲದ ಇತಿಹಾಸವನ್ನು ಆಧರಿಸಿದ ‘ಕುರೈಶ್’ ಕೂಡ ಅದರದೇ.

ಈ ಸಂಸ್ಥೆಯ ಆಟಗಳಲ್ಲೂ ಬಂದೂಕು ಇತ್ತಲ್ಲ ಎಂದು ನೀವು ಕೇಳಬಹುದು. ನಿಜ, ಆ ಆಕ್ಷೇಪ ಸಕಾರಣವೇ. ಆದರೆ ‘ತಹ್ತರ್ರಮಾದ್’ನಲ್ಲಿ ಒಂದು ನಿಯಮವಿತ್ತು: ನಾಗರಿಕರ ಮೇಲೆ ಗುಂಡು ಹಾರಿಸಿದರೆ ಆಟ ಅಲ್ಲಿಗೇ ಮುಗಿಯಿತು. ಯುದ್ಧದಲ್ಲೂ ಸ್ತ್ರೀಯರನ್ನು, ಮಕ್ಕಳನ್ನು ಕೊಲ್ಲಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಇಲ್ಲಿ ನೆನೆಯಬಹುದು.

ಆಟ ರಚಿಸಿದವನ ನಿಯಮವೇ ಆಡುವ ಮಗುವಿಗೆ ಪಾಠವಾಗುತ್ತದೆ. ದಾರಿಹೋಕನನ್ನು ಕೊಂದರೂ ಅಂಕ ಕೊಡುವ ಆಟ ಕಲಿಸುವುದು ಬೇರೆಯೇ.

ಆದ್ದರಿಂದ ‘ಎಷ್ಟು ಹೊತ್ತು ಆಡಿದೆ?’ ಎಂದಷ್ಟೇ ಗದರಬೇಡಿ. ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ: ‘ಮಗಾ, ಇದರಲ್ಲಿ ಏನು ಮಾಡಿದರೆ ಗೆಲುವು? ಏನು ಮಾಡಿದರೆ ಸೋಲು?’ ಆ ಮನೆಯಲ್ಲಿ ತರ್ಬಿಯತ್ ಅಲ್ಲಿಂದಲೇ ಆರಂಭವಾಗಲಿ.