ಯಲಹಂಕದ ವೈಮಾನಿಕ ಪ್ರದರ್ಶನ: ನಮ್ಮೂರಿನವರು ಕಂಡದ್ದೇನು?

2025ರ ಫೆಬ್ರವರಿ 14, ಶುಕ್ರವಾರ ನಸುಕಿನಲ್ಲಿ ಬಂಗಾರಪೇಟೆಯಿಂದ ಯಲಹಂಕಕ್ಕೆ ಹೊರಟ ಬಾಡಿಗೆ ಬಸ್ಸಿನಲ್ಲಿ ನಮ್ಮ ಸಂಸ್ಥೆಯ ಸದಸ್ಯರೂ ಅವರ ಕುಟುಂಬದವರೂ ಸೇರಿ ಸುಮಾರು ನಲವತ್ತು ಮಂದಿ ಇದ್ದೆವು. ರಾಬರ್ಟ್‌ಸನ್‌ಪೇಟೆಯ ಜವಳಿ ವರ್ತಕರು, ಆಂಡರ್ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯವರು, ಬೆಮೆಲ್ ಕಾರ್ಖಾನೆಗೆ ಬಿಡಿಭಾಗ ಒದಗಿಸುವ ನಾಲ್ಕಾರು ಸಣ್ಣ ಉದ್ದಿಮೆದಾರರು, ಇವರೊಡನೆ ಮೈಸೂರು ಮೈನ್ಸ್ ಕಡೆಯ ಇಬ್ಬರು ನಿವೃತ್ತ ಗಣಿ ನೌಕರರು. ಏರೋ ಇಂಡಿಯಾದ ಹದಿನೈದನೆಯ ಪ್ರದರ್ಶನದ ಕೊನೆಯ ದಿನವದು. ತಲೆಗೆ 1,000 ರೂಪಾಯಿ ತೆತ್ತು, ವಿಮಾನಗಳ ಹಾರಾಟ ವೀಕ್ಷಿಸುವ ಬಯಲಿಗಷ್ಟೇ ಪ್ರವೇಶವುಳ್ಳ ಟಿಕೆಟ್ಟನ್ನು ಎಲ್ಲರೂ ಕೊಂಡಿದ್ದರು.

ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ಯಲಹಂಕಕ್ಕೆ ಒಂದು ಕಾಲದಲ್ಲಿ ನ್ಯಾರೋ ಗೇಜ್ ರೈಲು ಓಡುತ್ತಿತ್ತು. ಇಂದು ಅದು ಬ್ರಾಡ್ ಗೇಜ್. ಹೀಗೆ ನಮ್ಮೂರಿಗೂ ಯಲಹಂಕಕ್ಕೂ ನೇರ ನಂಟುಂಟು. ಆದರೂ ಆ ನಂಟನ್ನು ನಾವು ವ್ಯಾಪಾರದ ದೃಷ್ಟಿಯಿಂದ ಎಂದೂ ಯೋಚಿಸಿಲ್ಲ ಎಂಬುದೇ ಈ ಲೇಖನಕ್ಕೆ ಪ್ರೇರಣೆ.

ಮೊದಲಿಗೆ ಕಂಡದ್ದನ್ನು ಹೇಳುತ್ತೇನೆ. ಬಿಸಿಲಿನಲ್ಲಿ ಬಹಳ ಹೊತ್ತು ಕುತ್ತಿಗೆ ಎತ್ತಿ ನಿಂತಿದ್ದೆವು. ವಿಮಾನ ಎದುರಿನಿಂದ ಹಾದು ಹೋದ ಮೇಲೆ ಸದ್ದು ಬರುತ್ತದೆ. ಸದ್ದು ಬಂದ ಕಡೆ ಕಣ್ಣು ಹಾಯಿಸಿದರೆ ಅಲ್ಲಿ ಬರಿಯ ಆಕಾಶ. ಈ ಪಾಠವನ್ನು ಮಕ್ಕಳು ಐದು ನಿಮಿಷದಲ್ಲಿ ಕಲಿತರು, ನಮ್ಮಂಥ ಹಿರಿಯರಿಗೆ ಮಧ್ಯಾಹ್ನದವರೆಗೂ ಬೇಕಾಯಿತು. ತೇಜಸ್ ಕಡಿದಾಗಿ ಮೇಲೇರಿದಾಗ ಬಯಲು ಒಂದು ಕ್ಷಣ ಸ್ತಬ್ಧವಾಯಿತು. ರಷ್ಯಾದ ಸುಖೋಯ್-57 ಗಾಳಿಯಲ್ಲಿ ನಿಂತೇ ಬಿಟ್ಟಿತೇನೋ ಎಂಬಂತೆ ತಿರುಗಿದಾಗ ನಮ್ಮ ಜವಳಿ ವರ್ತಕರೊಬ್ಬರು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಕೆಳಗೆ ಬಿಟ್ಟರು. ಆ ವರ್ಷ ಅಮೆರಿಕದ ಎಫ್-35 ಸಹ ಯಲಹಂಕಕ್ಕೆ ಬಂದಿತ್ತು. ಆದರೆ ಚಪ್ಪಾಳೆಯಲ್ಲಿ ಸೂರ್ಯಕಿರಣ್ ತಂಡವನ್ನು ಯಾವುದೂ ಮೀರಿಸಲಿಲ್ಲ. ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಒಂದಾಗಿ ಬಂದು, ಹೊಗೆಯ ಗೆರೆ ಎಳೆಯುತ್ತ ಚೆದುರಿ ಹೋಗುವಾಗ ಬೆಲೆ, ಲಾಭ, ಜಿ.ಎಸ್.ಟಿ. ರಿಟರ್ನು ಯಾವುದೂ ನೆನಪಿಗೆ ಬರುವುದಿಲ್ಲ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ನನ್ನ ಮಾತಿದು.

ನಿವೃತ್ತ ಗಣಿ ನೌಕರರೊಬ್ಬರ ಪ್ರತಿಕ್ರಿಯೆ ಮಾತ್ರ ಬೇರೆ ಬಗೆಯದಾಗಿತ್ತು. ಸುತ್ತಲಿನವರು ಕಿವಿ ಮುಚ್ಚಿಕೊಂಡಾಗ ಅವರು ತಮ್ಮ ಕಾಲ ಕೆಳಗಿನ ನೆಲವನ್ನು ನೋಡಿದರು. ಏಕೆಂದು ಕೇಳಿದೆ. “ಅಭ್ಯಾಸ, ಆಡಿಟರ್ ಸಾರ್. ನಮಗೆ ಗುಡುಗು ಯಾವಾಗಲೂ ಕೆಳಗಿನಿಂದಲೇ ಬರುತ್ತಿತ್ತು” ಎಂದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ರಾಕ್ ಬರ್ಸ್ಟ್ ಆದಾಗಲೆಲ್ಲ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದುದನ್ನು ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಬೆಳೆದ ಯಾರಿಗೂ ವಿವರಿಸಬೇಕಾಗಿಲ್ಲ.

ಅವರ ಮಾತು ನನ್ನನ್ನು 2001ಕ್ಕೆ ಕರೆದೊಯ್ದಿತು. ಆ ವರ್ಷದ ಜನವರಿ 4ರಂದು, ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧ ವಿಮಾನ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯಿತು. ಅದೇ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೂರು ಕಿಲೋಮೀಟರ್ ಅಂತರದಲ್ಲಿ, ಒಂದೇ ತಿಂಗಳಿನಲ್ಲಿ, ಒಂದು ಉದ್ದಿಮೆ ರೆಕ್ಕೆ ಬಿಚ್ಚಿತು, ಇನ್ನೊಂದು ಕಣ್ಮುಚ್ಚಿತು. ಗಣಿಯ ವರ್ಕ್‌ಶಾಪುಗಳಲ್ಲಿ ಪಳಗಿದ ಟರ್ನರು, ಫಿಟ್ಟರು, ವೆಲ್ಡರುಗಳ ಮಕ್ಕಳು ಅಂದಿನಿಂದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿಯುತ್ತಿದ್ದಾರೆ. ಕೆಲವರು ಮಾಡುವ ಬಿಡಿಭಾಗಗಳು ಆಕಾಶಕ್ಕೂ ಹೋಗುತ್ತಿರಬಹುದು. ಸಂಬಳ ಊರಿಗೆ ಬರುತ್ತದೆ, ಉದ್ದಿಮೆ ಬರಲಿಲ್ಲ.

ಗಣಿ ಮುಚ್ಚಿದಾಗ ರಾಬರ್ಟ್‌ಸನ್‌ಪೇಟೆಯ ಹಲವು ಅಂಗಡಿಗಳ ಖಾತೆ ಪುಸ್ತಕಗಳು ನನ್ನ ಮೇಜಿನ ಮೇಲಿದ್ದವು. ಸಂಬಳದ ದಿನ ತೀರಿಸುವ ವಾಯಿದೆಯ ಮೇಲೆ ಕೊಟ್ಟ ದಿನಸಿ, ಬಟ್ಟೆ, ಪಾತ್ರೆಯ ಬಾಕಿಗಳನ್ನು ಒಂದೊಂದಾಗಿ ವಸೂಲಾಗದ ಸಾಲವೆಂದು ಬರೆದು ಹಾಕಿದ್ದೇನೆ. ಊರಿಗೆಲ್ಲ ಒಬ್ಬನೇ ಗಿರಾಕಿಯಾದರೆ ಏನಾಗುತ್ತದೆಂಬುದನ್ನು ನಾವು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಹಾಗಿದ್ದೂ ಇಂದು ನಮ್ಮ ಸಣ್ಣ ಘಟಕಗಳಲ್ಲಿ ಹೆಚ್ಚಿನವು ಬೆಮೆಲ್ ಒಂದನ್ನೇ ನೆಚ್ಚಿಕೊಂಡಿವೆ. ಬೆಮೆಲ್ ಇರುವುದರಿಂದಲೇ ನಾವು ಇದ್ದೇವೆ, ಅದರ ಬಗ್ಗೆ ನನಗೆ ಗೌರವವಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಮುಂದೆ ರೈಲು ಬೋಗಿಗಳನ್ನೂ ತಯಾರಿಸಿತು. ಆ ಬೋಗಿ ವಿಭಾಗ 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ಗೆ ಸೇರಿತು. ವಿಮಾನದ ಮನೆತನದೊಡನೆ ನಮಗೆ ರಕ್ತಸಂಬಂಧವೇ ಉಂಟು ಎಂದಾಯಿತು. ಆದರೆ ಸಂಬಂಧ ಹೇಳಿಕೊಂಡರೆ ಆರ್ಡರು ಬರುವುದಿಲ್ಲ.

ಇದೇ ಪ್ರದರ್ಶನಕ್ಕೆ ಅದೇ ವಾರದ ಬುಧವಾರವೂ ನಾನು ಹೋಗಿದ್ದೆ. ಮೊದಲ ಮೂರು ದಿನ ವ್ಯವಹಾರಸ್ಥರಿಗೆ ಮೀಸಲು, ಟಿಕೆಟ್ಟು 5,000 ರೂಪಾಯಿ. ಲೇತು ಮತ್ತು ಮಿಲ್ಲಿಂಗ್ ಯಂತ್ರಗಳ ಸಣ್ಣ ಘಟಕವೊಂದನ್ನು ನಡೆಸುವ ನಮ್ಮ ಸದಸ್ಯರೊಬ್ಬರು ಬಲವಂತಕ್ಕೆ ನನ್ನೊಡನೆ ಬಂದರು. ಚೀಲದಲ್ಲಿ ತಾವೇ ಮಾಡಿದ ಮೂರು ಬಿಡಿಭಾಗಗಳು, ಕೆಲವು ಡ್ರಾಯಿಂಗುಗಳು. ದೊಡ್ಡ ವಿದೇಶಿ ಕಂಪನಿಗಳ ಮಳಿಗೆಗಳಲ್ಲಿ ನಗುಮುಖದ ಸ್ವಾಗತ ದೊರೆಯಿತು, ಹೊಳೆಯುವ ಕಾಗದದ ಪುಸ್ತಿಕೆಗಳು ದೊರೆತವು, ಅಷ್ಟೇ. ಮಧ್ಯಾಹ್ನದವರೆಗೆ ಅವರ ಮುಖ ಸಪ್ಪಗಿತ್ತು. ಅನಂತರ ಪೀಣ್ಯದ ಮಧ್ಯಮ ಗಾತ್ರದ ಘಟಕವೊಂದರ ಮಾಲೀಕರು ಆ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅರ್ಧ ಗಂಟೆ ಕುಳಿತು ಮಾತನಾಡಿದರು.

“ಕೆಲಸ ಚೆನ್ನಾಗಿದೆ. ಕಾಗದ ಎಲ್ಲಿ?” ಎಂಬುದು ಅವರ ಮೊದಲ ಪ್ರಶ್ನೆ. ಈ ಲೋಹ ಯಾವ ಕಾರ್ಖಾನೆಯ ಯಾವ ಕರಗುವಿಕೆಯಿಂದ ಬಂತು, ಪರೀಕ್ಷಾ ಪ್ರಮಾಣಪತ್ರವೆಲ್ಲಿ, ಅಳತೆಯ ಉಪಕರಣವನ್ನು ಯಾವಾಗ ತಪಾಸಣೆ ಮಾಡಿಸಿದಿರಿ, ಮೊದಲ ನಗವನ್ನು ಡ್ರಾಯಿಂಗಿನ ಪ್ರತಿಯೊಂದು ಅಳತೆಗೂ ಹೋಲಿಸಿದ ವರದಿ ಇದೆಯೇ, ಎಎಸ್ 9100 ಪ್ರಮಾಣಪತ್ರ ಯಾವಾಗ ಪಡೆಯುತ್ತೀರಿ? ನಮ್ಮ ಸದಸ್ಯರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಹಿಂತಿರುಗುವಾಗ, “ಕಬ್ಬಿಣಕ್ಕೂ ಜಾತಕ ಬೇಕೆಂದರೆ ಹೇಗೆ?” ಎಂದು ಗೊಣಗಿದರು.

ಉತ್ತರ ಶುಕ್ರವಾರ ಸಿಕ್ಕಿತು. ಬಯಲಿನಲ್ಲಿ ಹಲವರು ಸಾರಂಗ್ ಹೆಲಿಕಾಪ್ಟರ್ ತಂಡ ಏಕಿಲ್ಲವೆಂದು ಕೇಳುತ್ತಿದ್ದರು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಹೆಲಿಕಾಪ್ಟರ್ ಬಿದ್ದು ಮೂವರು ಸಾವಿಗೀಡಾದರು. ಕಾರಣ ಗೊತ್ತಾಗುವವರೆಗೆ ದೇಶದ ಧ್ರುವ ಹೆಲಿಕಾಪ್ಟರುಗಳನ್ನೆಲ್ಲ ಹಾರಾಟದಿಂದ ತಡೆಯಲಾಗಿತ್ತು. ಸಾರಂಗ್ ತಂಡ ಹಾರಿಸುವುದೂ ಅವನ್ನೇ. ಎಲ್ಲೋ ಒಂದು ಭಾಗ ಮುರಿದರೆ ಅದರ ಜೊತೆಯವು ಬೇರೆ ಯಾವ ಯಂತ್ರಗಳಲ್ಲಿವೆ ಎಂಬುದು ತಿಳಿಯಬೇಕು, ಅದಕ್ಕೇ ಜಾತಕ. ಅದೇ ಸದಸ್ಯರು ಶುಕ್ರವಾರವೂ ನಮ್ಮೊಡನೆ ಬಂದಿದ್ದರು. ಇದನ್ನು ಹೇಳಿದಾಗ ಅವರು ಮಾತನಾಡಲಿಲ್ಲ, ಆದರೆ ಮರುವಾರ ನನ್ನ ಕಚೇರಿಗೆ ಬಂದು ಖರೀದಿ ಬಿಲ್ಲುಗಳ ಜೊತೆ ಪರೀಕ್ಷಾ ಪತ್ರವನ್ನೂ ಲಗತ್ತಿಸಿ ಇಡುವ ಕ್ರಮವನ್ನು ಕೇಳಿ ತಿಳಿದುಕೊಂಡರು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲರೂ ವಿಮಾನದ ಬಿಡಿಭಾಗ ತಯಾರಿಕೆಗೆ ಇಳಿಯಿರೆಂದು ನಾನು ಸಲಹೆ ಕೊಡುತ್ತಿಲ್ಲ. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ಏಕಸ್, ಬೆಂಗಳೂರಿನಲ್ಲಿ ಡೈನಾಮ್ಯಾಟಿಕ್ ಮೊದಲಾದ ಸಂಸ್ಥೆಗಳು ಏರ್‌ಬಸ್ ವಿಮಾನಗಳಿಗೆ ಭಾಗಗಳನ್ನು ಕಳುಹಿಸುತ್ತಿರುವುದು ಹೆಮ್ಮೆಯ ಸಂಗತಿ. ಅವರ ಬಂಡವಾಳವೇ ಬೇರೆ, ತಾಳ್ಮೆಯೇ ಬೇರೆ. ನಮ್ಮ ಸಣ್ಣ ಉದ್ದಿಮೆದಾರರೊಬ್ಬರು ಒಂದು ಕೋಟಿ ರೂಪಾಯಿ ಸಾಲ ಮಾಡಿ ಯಂತ್ರ ತಂದರೆಂದು ಇಟ್ಟುಕೊಳ್ಳಿ. ಶೇಕಡಾ 10ರ ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 83,000 ರೂಪಾಯಿ. ಪ್ರಮಾಣಪತ್ರ, ಮಾದರಿ, ಅನುಮೋದನೆ ಎಂದು ಹದಿನೆಂಟು ತಿಂಗಳು ಕಳೆದರೆ, ಮೊದಲ ಬಿಲ್ಲು ಬರೆಯುವ ಮುನ್ನವೇ 15 ಲಕ್ಷ ಬಡ್ಡಿ. ಇದನ್ನು ತಡೆದುಕೊಳ್ಳುವ ಶಕ್ತಿ ಉಳ್ಳವರು ನಮ್ಮಲ್ಲಿ ಕೈಬೆರಳೆಣಿಕೆಯಷ್ಟು.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇನ್ನೊಬ್ಬ ಸದಸ್ಯರು ಕಂಡದ್ದು. ಅವರದು ಶೀಟ್ ಮೆಟಲ್ ಮತ್ತು ವೆಲ್ಡಿಂಗ್ ಕೆಲಸ. ಶುಕ್ರವಾರ ಎಲ್ಲರೂ ಆಕಾಶ ನೋಡುತ್ತಿದ್ದಾಗ ಈತ ಮಗನ ದುರ್ಬೀನನ್ನು ಕಸಿದುಕೊಂಡು ದೂರದಲ್ಲಿ ನಿಂತಿದ್ದ ವಿಮಾನಗಳ ಕಾಲ ಬಳಿ ನೋಡುತ್ತಿದ್ದರು. ಚಕ್ರಕ್ಕೆ ಒತ್ತುಕೊಟ್ಟ ಅಡೆಗಳು, ಪೈಲಟ್ ಹತ್ತುವ ಏಣಿ, ವಿಮಾನವನ್ನು ಎಳೆಯುವ ಉದ್ದನೆಯ ಉಕ್ಕಿನ ದಂಡ, ಉಪಕರಣಗಳನ್ನು ಹೊತ್ತ ತಳ್ಳುಗಾಡಿ, ಇವನ್ನೆಲ್ಲ ಎಣಿಸಿ, “ಸಾರ್, ಇದು ಹಾರುವುದಿಲ್ಲ. ಇದನ್ನು ನಾನು ಮಾಡಬಲ್ಲೆ” ಎಂದರು. ಅಲ್ಲಿಯೂ ಗುಣಮಟ್ಟದ ತಪಾಸಣೆ ಇದೆ, ಪತ್ರ ವ್ಯವಹಾರವೂ ಇದೆ, ಆದರೆ ಅದು ನಮ್ಮ ಅಳವಿಗೆ ದಕ್ಕುವಂಥದ್ದು. ಒಂದು ವಿಮಾನ ಎದ್ದು ಹೋಗಲು ನೆಲದ ಮೇಲೆ ಎಷ್ಟು ಸರಂಜಾಮು ಬೇಕೆಂಬುದನ್ನು ಸಾವಿರ ರೂಪಾಯಿ ಕೊಟ್ಟ ಪ್ರೇಕ್ಷಕರಲ್ಲಿ ಎಷ್ಟು ಜನ ಗಮನಿಸಿದ್ದಾರು?

ಇನ್ನು ಹಣದ ಮಾತು. ಮೇಲೆ ಹೇಳಿದ ಲೇತಿನ ಘಟಕದವರಿಗೆ ಬೆಂಗಳೂರಿನ ಖರೀದಿದಾರ ಕಂಪನಿಯೊಂದು ಬಿಲ್ಲಿನ ಹಣವನ್ನು 140 ದಿನ ತಡೆದು ಕೊಟ್ಟಿತು. ಬಡ್ಡಿ ಕೇಳಿರೆಂದೆ. ಮುಂದಿನ ಆರ್ಡರು ತಪ್ಪೀತೆಂದು ಅವರು ಕೇಳಲಿಲ್ಲ. 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಇತ್ತು, ಧೈರ್ಯ ಇರಲಿಲ್ಲ. 2023ರ ಹಣಕಾಸು ಕಾಯಿದೆಯ ತಿದ್ದುಪಡಿ ಈ ಸಂಕೋಚವನ್ನು ಸ್ವಲ್ಪ ಕಡಿಮೆ ಮಾಡಿದೆ: ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಅವಧಿಯೊಳಗೆ ಕೊಡದ ಹಣವನ್ನು, ವಾಸ್ತವವಾಗಿ ಪಾವತಿಸುವ ವರ್ಷದವರೆಗೆ ಖರೀದಿದಾರ ತನ್ನ ಆದಾಯದಲ್ಲಿ ಖರ್ಚೆಂದು ಕಳೆಯುವಂತಿಲ್ಲ. ಈಗ ಅವರ ಆಡಿಟರೇ ನಮ್ಮ ಪರವಾಗಿ ಅವರನ್ನು ಎಚ್ಚರಿಸುತ್ತಾರೆ. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯ ಶೇಕಡಾ 25ನ್ನು ಇಂಥ ಘಟಕಗಳಿಂದ ಕೊಳ್ಳಬೇಕೆಂಬ 2018ರ ತಿದ್ದುಪಡಿಯೂ ಇದೆ. ಇವೆಲ್ಲಕ್ಕೂ ಉದ್ಯಮ್ ನೋಂದಣಿ ಬೇಕು. ವರ್ತಕ ಮಿತ್ರರು ಒಂದನ್ನು ಗಮನಿಸಬೇಕು: 2021ರ ಆದೇಶದಂತೆ ವ್ಯಾಪಾರಿಗಳಿಗೂ ಆ ನೋಂದಣಿ ದೊರೆಯುತ್ತದೆ, ಆದರೆ ಆದ್ಯತಾ ವಲಯದ ಸಾಲಕ್ಕಷ್ಟೇ, ತಡವಾದ ಪಾವತಿಯ ರಕ್ಷಣೆ ತಯಾರಕರಿಗೂ ಸೇವೆ ಒದಗಿಸುವವರಿಗೂ ಮಾತ್ರ.

ಬಸ್ಸಿನಲ್ಲಿ ಹೋದದ್ದೇ ಒಳ್ಳೆಯದಾಯಿತೆಂದೂ ಹೇಳಬೇಕು. 2019ರ ಪ್ರದರ್ಶನವನ್ನು ಯಾರೂ ಮರೆಯಲಾರರು. ಫೆಬ್ರವರಿ 19ರಂದು ತಾಲೀಮಿನಲ್ಲಿ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ಡಿಕ್ಕಿ ಹೊಡೆದು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತರಾದರು. ನಾಲ್ಕು ದಿನಗಳ ಅನಂತರ ಒಣಹುಲ್ಲಿನ ನಿಲುಗಡೆ ಬಯಲಿಗೆ ಬೆಂಕಿ ಹತ್ತಿ ಪ್ರೇಕ್ಷಕರ ಸುಮಾರು 300 ಕಾರುಗಳು ಸುಟ್ಟುಹೋದವು. ಮೂರನೆಯವರ ಹೊಣೆಯ ವಿಮೆ ಮಾತ್ರ ಇದ್ದ ಕಾರಿಗೆ ಇಂಥ ನಷ್ಟ ಭರ್ತಿಯಾಗುವುದಿಲ್ಲ. ಪ್ರೀಮಿಯಂ ಉಳಿಸಲು ಸಮಗ್ರ ವಿಮೆಯನ್ನು ಕೈಬಿಡುವ ನಮ್ಮ ಸದಸ್ಯರು, ಅಂಗಡಿ ಗೋದಾಮುಗಳ ಪಾಲಿಸಿಗಳನ್ನೂ ಇದೇ ನೆಪದಲ್ಲಿ ಒಮ್ಮೆ ತೆಗೆದು ಓದಬೇಕು.

ಹಿಂತಿರುಗುವಾಗ ರಾತ್ರಿಯಾಗಿತ್ತು. ಬಂಗಾರಪೇಟೆಯಲ್ಲಿ ಇಳಿದವರೆಲ್ಲ ಪಾನಿಪುರಿ ಗಾಡಿಯ ಸುತ್ತ ನಿಂತರು. ಪ್ರದರ್ಶನದ ಬಯಲಿನಲ್ಲಿ ತಿಂಡಿಗೆ ತೆತ್ತ ಬೆಲೆಯನ್ನು ಒಬ್ಬರು ಜೋರಾಗಿ ನೆನಪಿಸಿದಾಗ ಗಾಡಿಯವನು, “ಮುಂದಿನ ಸಲ ನನ್ನನ್ನೇ ಕರೆದುಕೊಂಡು ಹೋಗಿ” ಎಂದ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ, ಅಲ್ಲಿ ಮಳಿಗೆಗೆ ಎಷ್ಟು ಬಾಡಿಗೆ, ಯಾರನ್ನು ಕೇಳಬೇಕು ಎಂದು ವಿಚಾರಿಸಿದ.

ನಮ್ಮ ಸಂಸ್ಥೆಯ ಮುಂದೆ ನನ್ನ ಕೋರಿಕೆ ಇಷ್ಟು. ಪ್ರದರ್ಶನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಂದಿನದಕ್ಕೆ ಬಸ್ಸು ಹೊರಡುವುದಾದರೆ ಅದು ವ್ಯವಹಾರದ ದಿನಗಳಂದು ಹೊರಡಲಿ. 5,000 ರೂಪಾಯಿಯ ಟಿಕೆಟ್ಟಿನಲ್ಲಿ ಅರ್ಧವನ್ನು, ತಯಾರಿಕಾ ಘಟಕವುಳ್ಳ ಸದಸ್ಯರಿಗೆ ಮಾತ್ರ, ಸಂಸ್ಥೆಯ ನಿಧಿಯಿಂದ ಕೊಡೋಣ. ಯಾರ ಬಳಿ ಯಾವ ಯಂತ್ರವಿದೆ, ಎಷ್ಟು ಉದ್ದದ, ಎಷ್ಟು ವ್ಯಾಸದ ಕೆಲಸ ಹಿಡಿಯಬಲ್ಲದು ಎಂಬ ಎರಡು ಪುಟದ ವಿವರಪಟ್ಟಿಯನ್ನು ಇಂಗ್ಲಿಷಿನಲ್ಲಿಯೂ ಮುದ್ರಿಸೋಣ. ಉದ್ಯಮ್ ನೋಂದಣಿ, ಬಾಕಿ ಬಿಲ್ಲು, ಪರೀಕ್ಷಾ ಪತ್ರಗಳ ಕಡತ ಇವನ್ನು ಸರಿಪಡಿಸಿಕೊಳ್ಳಬೇಕಾದವರು ಯಾವುದೇ ಶನಿವಾರ ಮಧ್ಯಾಹ್ನ ನನ್ನ ಕಚೇರಿಗೆ ಬರಬಹುದು, ಶುಲ್ಕವಿಲ್ಲ. ಲೇತಿನ ಘಟಕದವರು ಈಗಾಗಲೇ ತಮ್ಮ ಯಂತ್ರಗಳ ಅಳತೆಯನ್ನು ಬರೆದು ಕೊಟ್ಟಿದ್ದಾರೆ. ಶೀಟ್ ಮೆಟಲಿನವರು ಏಣಿಯ ಚಿತ್ರ ಬಿಡಿಸಿಕೊಂಡು ಬಂದಿದ್ದರು, ಅದನ್ನೂ ಇಟ್ಟುಕೊಂಡಿದ್ದೇನೆ.