ಬ್ಯಾಂಡಿಗೆ ಉಳಿದಿದ್ದು ಒಂದೇ ತರಗತಿ

ಶಾಲೆಯ ಗೇಟು ತೆರೆದಿತ್ತು, ಬ್ಯಾಂಡ್ ಸೆಟ್ ಇಟ್ಟ ಕೋಣೆಯ ಬೀಗ ತೆಗೆದಿರಲಿಲ್ಲ. ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳಲ್ಲಿ 2021ರ ಆಗಸ್ಟ್ 23ರಿಂದ 9 ಮತ್ತು 10ನೇ ತರಗತಿಗಳು ಆರಂಭವಾದವು. ಸೆಪ್ಟೆಂಬರ್ 6ರಿಂದ 6, 7 ಮತ್ತು 8. ಪಾಠ ಮೊದಲು, ವಾದ್ಯ ಆಮೇಲೆ ಎಂಬ ಮಾತಿಗೆ ಎಲ್ಲರೂ ತಲೆದೂಗುತ್ತಿದ್ದರು. ಆಮೇಲೆ ಎಂದರೆ 2022ರ ಜೂನ್ ಎಂದಾದರೆ ಆ ಮಾತು ತಪ್ಪಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಆ ಜೂನ್‌ಗೆ ಬ್ಯಾಂಡ್ ಬಾರಿಸಲು ಬರುವ ಒಂದು ಮಗುವೂ ಉಳಿಯುತ್ತಿರಲಿಲ್ಲ.

ಲೆಕ್ಕ ಸರಳವಾಗಿತ್ತು, ಆದರೂ ಯಾರೂ ಹಾಕುತ್ತಿರಲಿಲ್ಲ. ಪ್ರೌಢಶಾಲೆಯೆಂದರೆ 3 ವರ್ಷ. 8ನೇ ತರಗತಿಯ ಮಗು ಕೋಲು ಹಿಡಿಯುವುದನ್ನು ಕಲಿಯುತ್ತದೆ, 9ರಲ್ಲಿ ಸಾಲಿನಲ್ಲಿ ನಿಂತು ಬಾರಿಸುತ್ತದೆ, 10ರಲ್ಲಿ ಮುಂದೆ ನಿಂತು ಕಿರಿಯರನ್ನು ತಿದ್ದುತ್ತದೆ. ಸಂಗೀತ ಶಿಕ್ಷಕರಿರುವ ಸರ್ಕಾರಿ ಶಾಲೆಗಳು ಬೆರಳೆಣಿಕೆಯಷ್ಟು. ಪಿ.ಟಿ. ಮಾಸ್ತರರು ಎಡ-ಬಲ ಹೇಳಿಕೊಡುತ್ತಾರೆ. ಸೈಡ್ ಡ್ರಮ್ಮಿನ ಉರುಳಿಕೆ, ಬಾಸ್ ಡ್ರಮ್ ಎಲ್ಲಿ ಬೀಳಬೇಕು, ಝಾಂಜ್ ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಹಿರಿಯ ಮಗುವಿನ ಕೈಯಿಂದ ಕಿರಿಯ ಮಗುವಿನ ಕೈಗೆ ಬರುವ ವಿದ್ಯೆ. ಬರೆದಿಟ್ಟ ಸ್ವರಲಿಪಿ ಇಲ್ಲ, ಪುಸ್ತಕ ಇಲ್ಲ. ಈಗ ನೋಡಿ: 2020-21ರಲ್ಲಿ 8ನೇ ತರಗತಿಯಲ್ಲಿದ್ದವರಿಗೆ, ಸರ್ಕಾರದ ಪರ್ಯಾಯ ಕಲಿಕಾ ಕಾರ್ಯಕ್ರಮವಾದ ವಿದ್ಯಾಗಮವನ್ನು ಬಿಟ್ಟರೆ, ಪೂರ್ಣಾವಧಿ ಶಾಲೆ ಸಿಕ್ಕಿದ್ದು 2021ರ ಫೆಬ್ರುವರಿ 22ರಿಂದ ಏಪ್ರಿಲ್ ಆರಂಭದವರೆಗೆ, ಆರು ವಾರವೂ ತುಂಬಲಿಲ್ಲ. 2021-22ರ 8ನೆಯವರು ಹೈಸ್ಕೂಲಿನ ಅಂಗಳ ನೋಡಿದ್ದೇ ಆ ಸೆಪ್ಟೆಂಬರ್‌ನಲ್ಲಿ. ಬ್ಯಾಂಡಿನ ಹಿಂದೆ ಹೆಜ್ಜೆ ಹಾಕಿ ಪ್ರಭಾತಫೇರಿ ಹೋದವರು, 2020ರ ಜನವರಿ 26ರಂದು ಮೈದಾನದಲ್ಲಿ ಬಾರಿಸಿದವರು 2021-22ರ 10ನೇ ತರಗತಿಯವರು ಮಾತ್ರ. ಅವರಿಗೂ ಪೂರ್ತಿ ವರ್ಷ ದಕ್ಕಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಶಾಲೆಗಳು ಪರಿಹಾರ ಕೇಂದ್ರಗಳಾಗಿದ್ದವು. ಅರ್ಧಂಬರ್ಧ ಕಲಿತ ಈ ಒಂದು ತಂಡವೂ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಿದ್ದರೆ ಸರಪಳಿ ಅಲ್ಲಿಗೆ ತುಂಡಾಗುತ್ತಿತ್ತು. ಈ ಸೀಮೆಯ ಜನಪದ ವಾದ್ಯಮೇಳವಾದ ಕರಡಿ ಮಜಲಿಗೆ ಈ ಭಯವಿಲ್ಲ. ಎರಡು ವರ್ಷ ಜಾತ್ರೆ ನಿಂತರೂ ಕರಡಿ ಬಾರಿಸುವ ತಂದೆ, ಸನಾದಿ ಊದುವ ಕಾಕಾ ಮನೆಯಲ್ಲೇ ಇದ್ದಾರೆ, ಮಗ ಕಲಿಯುತ್ತಾನೆ.  ಶಾಲೆಯ ಬ್ಯಾಂಡಿಗೆ ಮನೆಯೆಂಬುದಿಲ್ಲ, ಅದರ ವಂಶವೆಲ್ಲ ಆ ಮೂರು ತರಗತಿಗಳೇ.

ಬ್ಯಾಂಡ್ ಎಂದರೆ ಸೋಂಕು ಎನ್ನುತ್ತಿದ್ದವರ ಕೈಯಲ್ಲಿ ಅಮೆರಿಕದ ಒಂದು ಉದಾಹರಣೆ ಸದಾ ಸಿದ್ಧವಿರುತ್ತಿತ್ತು. 2020ರ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನ ತಂಡದ ಅಭ್ಯಾಸಕ್ಕೆ 61 ಜನ ಬಂದಿದ್ದರು. 53 ಮಂದಿಗೆ ಸೋಂಕು ಇರುವುದು ಖಚಿತವಾಯಿತು ಅಥವಾ ಇರಬಹುದೆಂದು ತೀರ್ಮಾನವಾಯಿತು, ಇಬ್ಬರು ತೀರಿಕೊಂಡರು. ನಿಜವೇ. ಆದರೆ 53 ಹೇಳುವವರು ಎರಡೂವರೆ ಗಂಟೆಯನ್ನು ಹೇಳುವುದಿಲ್ಲ, ಅವರು ಒತ್ತೊತ್ತಾಗಿ ಕುಳಿತು ಹಾಡಿದ್ದು ಒಳಾಂಗಣದಲ್ಲಿ ಎಂಬುದನ್ನೂ ಹೇಳುವುದಿಲ್ಲ. ನಮ್ಮ ಶಾಲೆಯ ಬ್ಯಾಂಡ್ ನಿಲ್ಲುವುದು ಬಯಲಲ್ಲಿ. ಡ್ರಮ್ಮು, ಝಾಂಜು, ಲೇಜಿಮ್ಮು ಇವಕ್ಕೆ ಉಸಿರು ಬೇಕಿಲ್ಲ. ಮಾಸ್ಕ್ ತೆಗೆಯದೆಯೇ ಬಾರಿಸಬಹುದು. ಉಳಿದದ್ದು ಬ್ಯೂಗಲ್ ಮತ್ತು ಕೊಳಲು. ಕೊಲರಾಡೊ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳ ತಂಡ ಊದುವ ವಾದ್ಯಗಳನ್ನೇ ಪರೀಕ್ಷಿಸಿ 2020ರಲ್ಲೇ ದಾರಿ ಹೇಳಿತ್ತು: ಅರ್ಧ ಗಂಟೆಯ ಅಭ್ಯಾಸ, ಆರು ಅಡಿ ಅಂತರ, ವಾದ್ಯದ ಬಾಯಿಗೆ ಬಟ್ಟೆಯ ಮುಸುಕು. ಒಬ್ಬರ ಬ್ಯೂಗಲ್ಲನ್ನು ಇನ್ನೊಬ್ಬರು ಬಾಯಿಗಿಡಬಾರದು, ಒಳಗೆ ಸೇರಿದ ಎಂಜಲು ನೀರನ್ನು ನೆಲಕ್ಕೆ ಕೊಡವದೆ ಬಟ್ಟೆಯಲ್ಲಿ ಒರೆಸಬೇಕು. ಅಷ್ಟೂ ಆಗದಿದ್ದರೆ ಆ ವರ್ಷ ಬ್ಯೂಗಲ್ ಬಿಟ್ಟು ಡ್ರಮ್ ಉಳಿಸಿಕೊಳ್ಳಬಹುದಿತ್ತು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್ 8ರ ಮಾರ್ಗಸೂಚಿಯಲ್ಲಿ ನಿಷೇಧಿಸಿದ್ದು ಜನದಟ್ಟಣೆಗೆ ಕಾರಣವಾಗುವ ಸಭೆ, ಕ್ರೀಡೆ, ಕಾರ್ಯಕ್ರಮಗಳನ್ನು. ಮೈದಾನದಲ್ಲಿ ನಾಲ್ಕು ಮಕ್ಕಳು ದೂರ ದೂರ ನಿಂತು ಕೋಲು ಆಡಿಸಿದರೆ ಅದು ಯಾವ ದಟ್ಟಣೆ? ಸುತ್ತೋಲೆ ಸ್ಪಷ್ಟವಾಗಿ ಹೇಳದ್ದನ್ನೆಲ್ಲ ಬೇಡ ಎಂದೇ ಓದಿಕೊಳ್ಳುವುದು ನಮ್ಮ ಕಚೇರಿಗಳ ಹಳೆಯ ಚಟ.

ಈ ಭಾಗದವರ ಅಳುಕಿಗೆ ಕಾರಣವಿತ್ತು, ಅದನ್ನು ತಳ್ಳಿಹಾಕಲಾಗದು. ಮೂಡಲಗಿ ವಲಯದ ಶಿಕ್ಷಕರ ಸಾವಿನ ಸುದ್ದಿ ಬಂದ ದಿನಗಳಲ್ಲೇ, 2020ರ ಅಕ್ಟೋಬರ್‌ನಲ್ಲಿ, ವಿದ್ಯಾಗಮವನ್ನು ಸರ್ಕಾರ ನಿಲ್ಲಿಸಿತು. ಆದರೆ ಅಲ್ಲಿನ ಶಿಕ್ಷಕರನ್ನು 2021ರಲ್ಲಿ ಕಿಟಕಿ ಸಾಲದ ಕೋಣೆಗಳಲ್ಲಿ ಗಂಟೆಗಟ್ಟಲೆ ನಿಲ್ಲಿಸಲು ಹಿಂಜರಿಯದ ಇಲಾಖೆ, ಬಯಲಿನ ಅರ್ಧ ಗಂಟೆಗೆ ಮಾತ್ರ ಬೆಚ್ಚಿದ್ದು ಯಾವ ನ್ಯಾಯ? ಓದು-ಬರಹವೇ ಹಿಂದೆ ಬಿದ್ದಿರುವಾಗ ಡ್ರಮ್ಮೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಬ್ಯಾಂಡ್ ಗಣಿತದ ಒಂದು ಅವಧಿಯನ್ನೂ ಕೇಳುತ್ತಿರಲಿಲ್ಲ. ವಾರಕ್ಕೆರಡು ಸಂಜೆ, ಶಾಲೆ ಬಿಟ್ಟ ಮೇಲೆ. ಬಿಟ್ಟುಹೋದ ಗಣಿತವನ್ನು ಮುಂದಿನ ವರ್ಷ ಹೇಳಿಕೊಡಲು ಶಿಕ್ಷಕರಿರುತ್ತಾರೆ, ಪುಸ್ತಕವಿರುತ್ತದೆ; ಬ್ಯಾಂಡಿಗೆ ಎರಡೂ ಇಲ್ಲ. ಮೊಬೈಲಿನಲ್ಲಿ ಕಲಿಸಿ ಎಂಬ ಸಲಹೆಗೆ ಹೆಚ್ಚು ಮಾತು ಬೇಡ. ಒಬ್ಬನ ಪೆಟ್ಟು ಇನ್ನೊಬ್ಬನ ಕಿವಿಗೆ ತಡವಾಗಿ ಬೀಳುವ ಕಡೆ ತಾಳ ಕೂಡುವುದಿಲ್ಲ.

ಈ ತಾಲ್ಲೂಕುಗಳಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಒಂದು ಪುಟದ ಸುತ್ತೋಲೆ ಸಾಕಿತ್ತು. ಅದರ ಮಾತು ಇಷ್ಟೇ ಇರಬಹುದಿತ್ತು. ಮಕ್ಕಳನ್ನು ನಾಲ್ಕು ನಾಲ್ಕಾಗಿ ವಿಂಗಡಿಸಿ: 10ನೇ ತರಗತಿಯ ಒಬ್ಬ, 8 ಮತ್ತು 9ರ ಮೂವರು, ಎಲ್ಲರಿಗೂ ಸ್ವಂತದ್ದೊಂದು ಜೊತೆ ಕೋಲು. ಡ್ರಮ್ಮಿನ ಹೊದಿಕೆ ಸಡಿಲಾಗಿದ್ದರೆ ಬಿಗಿಸುವವರೆಗೆ ಬೆಂಚಿನ ಮೇಲೆ ಬಾರಿಸಲಿ. ಉರುಳಿಕೆ ಕಲಿಯಲು ಮರದ ಹಲಗೆ ಧಾರಾಳ. 2022ರ ಜನವರಿ ದಾಟಿದರೆ ಆ 10ನೇ ತರಗತಿಯ ಮಗು ಪರೀಕ್ಷೆಯ ಪಾಲಾಗುತ್ತಿತ್ತು. ದಸರಾ ರಜೆ ಮುಗಿದ ಮೇಲೆ ಜನವರಿ 26ಕ್ಕೆ ಉಳಿಯುತ್ತಿದ್ದುದು ಮೂರು ತಿಂಗಳು.